“ಪೊಲೀಸ್ ಆಗ್ತೀನ್ರಿ ಸರ... ಗಣಿತ ಯಾಕ್ರಿ?”

ತಾಜಸುಲ್ತಾನಪುರ: “ದೊಡ್ಡಂವ ಆದಮ್ಯಾಲ ಏನಾಗ್ತಿ ತಮ್ಮಾ?” ಎಂದು ಇಲ್ಲಿಯ ಹೈಸ್ಕೂಲ್ ಹುಡುಗನನ್ನು ಕೇಳಿ. “ಪೊಲೀಸ್ ಆಗ್ತೀನ್ರಿ” ಎಂದರೆ ಆಶ್ಚರ್ಯವಿಲ್ಲ. ಕೆ.ಎಸ್.ಆರ್.ಪಿ. 6ನೇ ಬೆಟಾಲಿಯನ್ ಇರುವ ಊರಿದು. ಈಗ ಎರಡನೇ ಪ್ರಶ್ನೆ ಕೇಳಿ: “ಹಂಗಾದ್ರ ಇವತ್ತಿನ ಗಣಿತ ಅದಕ್ಕ ಹ್ಯಾಂಗ ಬೇಕಾಗ್ತದ?” ಹುಡುಗ ತಲೆ ಕೆರೆದುಕೊಂಡರೆ ರೋಗ ಅಲ್ಲೇ ಇದೆ ಎಂದು ತಿಳಿಯಿರಿ!

2025ರ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯಲ್ಲಿ ಕಲಬುರಗಿ ಜಿಲ್ಲೆಯ ಫಲಿತಾಂಶ ಶೇ. 42.43. ರಾಜ್ಯದಲ್ಲೇ ಕಟ್ಟಕಡೆಯ ಸ್ಥಾನ. ಮೇಲಿದ್ದ ದಕ್ಷಿಣ ಕನ್ನಡದ್ದು ಶೇ. 91.12. ಇದಕ್ಕೆ ಬಡತನದಿಂದ ಹಿಡಿದು ಹಲವು ಕಾರಣ ಹೇಳಬಹುದು. ಆದರೆ ಮಕ್ಕಳಿಗೆ ಕನಸೇ ಇಲ್ಲ ಎಂದು ಜರೆಯುವುದು ಮಾತ್ರ ತಪ್ಪು.

ಕನಸನ್ನು ಅಳೆಯುವ ವಿದ್ಯೆಯೂ ಉಂಟು. ಬೆಲ್ಜಿಯಂ ದೇಶದ ಮನಶ್ಶಾಸ್ತ್ರಜ್ಞ ಜೋಸೆಫ್ ನುಟಿನ್ ಎಂಬುವರು “ನನ್ನ ಆಸೆ ಏನೆಂದರೆ...” ಎಂಬಂಥ ಅರ್ಧ ವಾಕ್ಯಗಳನ್ನು ಕೊಟ್ಟು ಪೂರ್ತಿ ಮಾಡಿಸಿದರು. ಬರೆದ ಆಸೆ ನಾಳೆಯದೋ, ಹತ್ತು ವರ್ಷದಾಚೆಯದೋ ಎಂದು ಲೆಕ್ಕ ಹಾಕಿದರು. ಅಮೆರಿಕದ ಜೆನಿಫರ್ ಹಸ್ಮನ್ ಮತ್ತು ಡುಯೇನ್ ಶೆಲ್ 2008ರಲ್ಲಿ ಪ್ರಕಟಿಸಿದ ಪ್ರಶ್ನಾವಳಿ ನಾಲ್ಕು ಸಂಗತಿ ನೋಡುತ್ತದೆ: ವಿದ್ಯಾರ್ಥಿ ಎಷ್ಟು ದೂರ ಯೋಚಿಸುತ್ತಾನೆ, ದೂರದ ಗುರಿಗೆ ಎಷ್ಟು ಬೆಲೆ ಕೊಡುತ್ತಾನೆ, ಕಾಲ ಎಷ್ಟು ಬೇಗ ಓಡುತ್ತದೆಂದು ತಿಳಿಯುತ್ತಾನೆ, ಇವತ್ತಿಗೂ ನಾಳೆಗೂ ನಂಟು ಕಾಣುತ್ತಾನೋ ಇಲ್ಲವೋ.

ಈ ಕೊನೆಯದೇ ಮುಖ್ಯ. ಈ ಪಾಠ ನನ್ನ ಗುರಿಗೆ ಬೇಕು ಎಂದು ಕಂಡವನು ಹಟ ಹಿಡಿದು ಓದುತ್ತಾನೆ. ಅಪ್ಪನ ಏಟಿಗೆ ಹೆದರಿ ಓದುವವನಲ್ಲಿ ಆ ಕಸುವು ಇರದು.

ನಂಟು ಕಂಡರೆ ನಮ್ಮ ಹುಡುಗರೇನು ಹಿಂದೆ ಬೀಳುವವರಲ್ಲ. ಪೊಲೀಸ್ ಭರ್ತಿಗೆ ಓಟವಿದೆ ಎಂದು ಗೊತ್ತಾದರೆ ನಸುಕಿನಲ್ಲೇ ಎದ್ದು ಓಡುತ್ತಾರೆ. ಅದೇ ಭರ್ತಿಗೆ ಲಿಖಿತ ಪರೀಕ್ಷೆಯೂ ಇದೆ, ಅಲ್ಲಿ ಲೆಕ್ಕ ಬರಬೇಕು ಎಂದು ಎಂಟನೇ ಇಯತ್ತೆಯಲ್ಲೇ ಹೇಳುವವರು ಬೇಕು. ಜೂನ್‌ನಲ್ಲಿ ತೊಗರಿ ಬಿತ್ತಿ ಡಿಸೆಂಬರ್ ತನಕ ಕಾಯುವ ರೈತನ ಮಕ್ಕಳಿವರು. ಕಾಯುವುದನ್ನು ಇವರಿಗೆ ಯಾರೂ ಕಲಿಸಬೇಕಿಲ್ಲ. ಯಾವ ಬೀಜಕ್ಕೆ ಯಾವ ಬೆಳೆ ಎಂದು ತೋರಿಸಿದರೆ ಸಾಕು.

2013ರಲ್ಲಿ ಜಾರಿಗೆ ಬಂದ 371(ಜೆ) ಕಲಮಿನಿಂದ ಈ ಭಾಗಕ್ಕೆ ಸೀಟು, ನೌಕರಿಗಳಲ್ಲಿ ಮೀಸಲಾತಿ ಸಿಕ್ಕಿದೆ. ಆದರೆ ಹತ್ತನೇ ಇಯತ್ತೆಯಲ್ಲೇ ಮುಗ್ಗರಿಸಿದವನಿಗೆ ಆ ಬಾಗಿಲು ತೆರೆದಿದ್ದರೇನು, ಮುಚ್ಚಿದ್ದರೇನು?

ಇದಕ್ಕೆ ದೊಡ್ಡ ಖರ್ಚಿಲ್ಲ. ವರ್ಷದ ಆರಂಭದಲ್ಲಿ ಪ್ರತಿ ಹೈಸ್ಕೂಲಿನಲ್ಲೂ ಅರ್ಧ ಹಾಳೆ ಕೊಟ್ಟು ಎರಡು ಸಾಲು ಬರೆಸಲಿ: ಏನಾಗಬೇಕು? ಅದಕ್ಕೆ ಈ ವಾರದ ಯಾವ ಪಾಠ ಬೇಕು? ಎರಡನೇ ಸಾಲು ಖಾಲಿ ಬಿಟ್ಟವರನ್ನು ಬೈಯದೆ, ಕೂಡಿಸಿಕೊಂಡು ಮಾತಾಡಲಿ. ವರ್ಷದ ಕೊನೆಗೆ ಮತ್ತೆ ಬರೆಸಿ ಹೋಲಿಸಲಿ.

ಫಲಿತಾಂಶ ಬಂದ ಮೇಲೆ ಸಭೆ ಕರೆಯುವ ಅಧಿಕಾರಿಗಳು, ಫಲಿತಾಂಶಕ್ಕೆ ಮುಂಚೆ ಈ ಅರ್ಧ ಹಾಳೆಯತ್ತ ಗಮನ ಹರಿಸುವರೇ?