ಬುಟ್ಟಿಗೆ ಮೊದಲು ಪಾಸು: ಹಾಲೆಂಡಿನ ಕಾರ್ಫ್‌ಬಾಲ್ ಮತ್ತು ನಮ್ಮ ಹೆಣ್ಣುಮಕ್ಕಳ ಬಾಸ್ಕೆಟ್‌ಬಾಲ್

ನವೆಂಬರ್ ಬಂತೆಂದರೆ ಗಲ್ಫಿನಲ್ಲಿರುವ ನಾವೆಲ್ಲ ಮನೆಯಿಂದ ಹೊರಗೆ ಬರುತ್ತೇವೆ. ಬಿಸಿಲು ಇಳಿದಿರುತ್ತದೆ, ರಾಜ್ಯೋತ್ಸವದ ಸಿದ್ಧತೆ ನಡೆದಿರುತ್ತದೆ, ಶಾಲೆಗಳ ಬಯಲು ಕೋರ್ಟುಗಳಲ್ಲಿ ಸಂಜೆ ಹೊತ್ತು ಚೆಂಡಿನ ಸದ್ದು ಕೇಳತೊಡಗುತ್ತದೆ. ಅದೇ ನವೆಂಬರಿನಲ್ಲಿ ಹಾಲೆಂಡಿನ ಮಕ್ಕಳು ಚಳಿ ಮಳೆಗೆ ಹೆದರಿ ಬಯಲು ಬಿಟ್ಟು ಒಳಾಂಗಣ ಸೇರುತ್ತಾರೆ. ನಮ್ಮದು ಹೊರಗೆ ಬರುವ ಕಾಲ, ಅವರದು ಒಳಗೆ ಹೋಗುವ ಕಾಲ. ಅವರು ಒಳಗೆ ಆಡುವ ಒಂದು ಆಟದಿಂದ ಬಾಸ್ಕೆಟ್‌ಬಾಲ್ ಆಡುವ ನಮ್ಮ ಹೈಸ್ಕೂಲು ಹುಡುಗಿಯರಿಗೆ ದೊಡ್ಡ ಉಪಕಾರವಾಗಬಹುದು ಎಂದು ನಮಗೆ ಅನ್ನಿಸಿದ್ದರಿಂದ ಈ ಲೇಖನ.

ಆಟದ ಹೆಸರು ಕಾರ್ಫ್‌ಬಾಲ್. ಡಚ್ ಭಾಷೆಯಲ್ಲಿ ಕಾರ್ಫ್ ಎಂದರೆ ಬುಟ್ಟಿ. 1902ರಲ್ಲಿ ಆಮ್‌ಸ್ಟರ್‌ಡ್ಯಾಮಿನ ನಿಕೊ ಬ್ರೂಕ್‌ಹಾಯ್ಸೆನ್ ಎಂಬ ಶಾಲಾ ಮೇಷ್ಟ್ರು ತರಬೇತಿಗೆಂದು ಸ್ವೀಡನ್ನಿಗೆ ಹೋಗಿದ್ದರು. ಕಂಬಕ್ಕೆ ಕಟ್ಟಿದ ಬಳೆಯೊಳಗೆ ಚೆಂಡು ತೂರಿಸುವ ಆಟವನ್ನು ಅಲ್ಲಿ ನೋಡಿದರು. ಊರಿಗೆ ಮರಳಿ ಬಳೆಯ ಜಾಗಕ್ಕೆ ತಳವಿಲ್ಲದ ಬೆತ್ತದ ಬುಟ್ಟಿ ಕಟ್ಟಿದರು, ಗಂಡುಮಕ್ಕಳೂ ಹೆಣ್ಣುಮಕ್ಕಳೂ ಒಂದೇ ತಂಡದಲ್ಲಿ ಆಡುವ ಹಾಗೆ ನಿಯಮ ಮಾಡಿದರು. ಮರುವರ್ಷವೇ, 1903ರಲ್ಲಿ, ಡಚ್ ಕಾರ್ಫ್‌ಬಾಲ್ ಸಂಘ ಹುಟ್ಟಿತು. ಹುಡುಗ ಹುಡುಗಿ ಒಟ್ಟಿಗೆ ಆಡುವುದೇ ಎಂದು ಆ ಕಾಲದ ಜನ ಮೂಗು ಮುರಿಯದೆ ಬಿಡಲಿಲ್ಲ. ಆದರೂ ಆಟ ನಿಂತಿತು. 1920ರ ಆಂಟ್‌ವರ್ಪ್, 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ಗಳಲ್ಲಿ ಪ್ರದರ್ಶನ ಆಟವಾಯಿತು. 1978ರಿಂದ ವಿಶ್ವ ಚಾಂಪಿಯನ್‌ಷಿಪ್ ನಡೆಯುತ್ತಿದೆ. 1991ರಲ್ಲಿ ಬೆಲ್ಜಿಯಂ ಗೆದ್ದದ್ದು ಬಿಟ್ಟರೆ ಉಳಿದೆಲ್ಲ ಸಲ ಕಪ್ಪು ಹಾಲೆಂಡಿಗೇ.

ಇನ್ನು ನಿಯಮ. ತಂಡಕ್ಕೆ ಎಂಟು ಜನ: ನಾಲ್ವರು ಹೆಂಗಸರು, ನಾಲ್ವರು ಗಂಡಸರು. ಕೋರ್ಟು ಎರಡು ಭಾಗ. ಒಂದು ಭಾಗದಲ್ಲಿ ನಾಲ್ವರು ದಾಳಿಗೆ, ಇನ್ನೊಂದರಲ್ಲಿ ನಾಲ್ವರು ರಕ್ಷಣೆಗೆ. ಬುಟ್ಟಿ ಮೂರೂವರೆ ಮೀಟರ್ ಎತ್ತರದಲ್ಲಿ, ಅಂದರೆ ಬಾಸ್ಕೆಟ್‌ಬಾಲಿನ 3.05 ಮೀಟರಿಗಿಂತಲೂ ಮೇಲೆ. ಹಿಂದೆ ಬೋರ್ಡು ಇಲ್ಲ. ಚೆಂಡು ಹಿಡಿದು ಓಡುವಂತಿಲ್ಲ, ಡ್ರಿಬಲ್ ಮಾಡುವಂತಿಲ್ಲ, ಜೊತೆಗಾತಿಯ ಕೈಗೆ ಸುಮ್ಮನೆ ಇಡುವಂತೆಯೂ ಇಲ್ಲ. ಎಸೆಯಬೇಕು, ಅವಳು ಹಿಡಿಯಬೇಕು. ಎದುರಾಳಿ ಸರಿಯಾದ ಜಾಗದಲ್ಲಿ ನಿಂತು ಕೈ ಎತ್ತಿ ಅಡ್ಡ ಹಾಕಿದ್ದರೆ ಬುಟ್ಟಿಗೆ ಎಸೆದರೂ ಗೋಲು ಲೆಕ್ಕಕ್ಕಿಲ್ಲ. ಆದ್ದರಿಂದ ಎತ್ತರದವಳಿಗಿಂತ ಬಿಡುವಿನಲ್ಲಿ ನಿಂತವಳನ್ನು ಹುಡುಕಬೇಕು. ಎರಡು ಗೋಲಾದ ಮೇಲೆ ದಾಳಿಯವರು ರಕ್ಷಣೆಗೆ, ರಕ್ಷಣೆಯವರು ದಾಳಿಗೆ. ಹೆಂಗಸರನ್ನು ಹೆಂಗಸರೇ ತಡೆಯಬೇಕು. ಹೀಗಾಗಿ ತಂಡದ ಹುಡುಗಿಯರನ್ನು ಬಿಟ್ಟು ಹುಡುಗರೇ ಆಡಿ ಗೆಲ್ಲುತ್ತೇವೆ ಎಂದರೆ ಆಗುವುದಿಲ್ಲ.

ಬಾಸ್ಕೆಟ್‌ಬಾಲ್ ನೋಡಿ ಬೆಳೆದವರಿಗೆ ಇದು ಸ್ವಲ್ಪ ಸಪ್ಪೆ ಅನ್ನಿಸಬಹುದು. ಆದರೆ ಬಾಸ್ಕೆಟ್‌ಬಾಲೂ ಹುಟ್ಟಿದ್ದು ಹೀಗೆಯೇ. 1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡಿನಲ್ಲಿ ಜೇಮ್ಸ್ ನೈಸ್ಮಿತ್ ಬರೆದ ಮೊದಲ 13 ನಿಯಮಗಳಲ್ಲಿ ಡ್ರಿಬಲ್ ಇರಲಿಲ್ಲ. ಚೆಂಡು ಹಿಡಿದ ಜಾಗದಿಂದಲೇ ಎಸೆಯಬೇಕಿತ್ತು. ಸ್ಮಿತ್ ಕಾಲೇಜಿನಲ್ಲಿ ಹುಡುಗಿಯರಿಗೆ ಈ ಆಟ ಕಲಿಸಿದ ಸೆಂಡಾ ಬೆರೆನ್‌ಸನ್ ಕೋರ್ಟನ್ನು ಮೂರು ಭಾಗ ಮಾಡಿ, ಚೆಂಡನ್ನು ಮೂರು ಸೆಕೆಂಡಿಗಿಂತ ಹೆಚ್ಚು ಇಟ್ಟುಕೊಳ್ಳಬಾರದು ಎಂದು ನಿಯಮ ಮಾಡಿದ್ದರು. ಪಾಸು ಮೊದಲು, ಡ್ರಿಬಲ್ ಆಮೇಲೆ ಬಂದದ್ದು.

ಈಗ ನಮ್ಮ ಶಾಲೆಗಳ ಸೀಸನ್ನಿನ ಮೊದಲ ಪಂದ್ಯಗಳನ್ನು ನೆನಪಿಸಿಕೊಳ್ಳಿ. ಬೇಸಿಗೆ ರಜೆ ಕಳೆದು, ಅಭ್ಯಾಸ ಅರ್ಧಂಬರ್ಧ ಆಗಿರುವ ಹೊತ್ತು. ತಂಡದಲ್ಲಿ ಒಬ್ಬಳು ಗಟ್ಟಿಗಿತ್ತಿ ಇರುತ್ತಾಳೆ. ಅವಳೇ ಚೆಂಡು ತರುತ್ತಾಳೆ, ಅವಳೇ ನುಗ್ಗುತ್ತಾಳೆ, ಅವಳೇ ಎಸೆಯುತ್ತಾಳೆ. ಎದುರಿನವರು ಪ್ರೆಸ್ ಹಾಕಿ ಇಬ್ಬರು ಅವಳನ್ನು ಸುತ್ತುವರಿದರೆ ಆಟ ಅಲ್ಲಿಗೇ ಮುಗಿಯಿತು. ಎಂಟು ಸೆಕೆಂಡಿನಲ್ಲಿ ಚೆಂಡು ನಡುಗೆರೆ ದಾಟಬೇಕು, 24 ಸೆಕೆಂಡಿನಲ್ಲಿ ಬುಟ್ಟಿಗೆ ಎಸೆಯಬೇಕು. ಗಾಬರಿಯಲ್ಲಿ ಅವಳು ಗೆಳತಿ ಆಗ ನಿಂತಿದ್ದ ಜಾಗಕ್ಕೆ ಎಸೆಯುತ್ತಾಳೆ, ಗೆಳತಿ ಅಲ್ಲಿಂದ ಹೊರಟಾಗಿರುತ್ತದೆ. ಉಳಿದ ನಾಲ್ವರು ಓಡಿದ್ದೇ ಓಡಿದ್ದು, ಚೆಂಡು ಮುಟ್ಟಿದ್ದೇ ಕಡಿಮೆ.

ಸೋಲು ದೊಡ್ಡ ಮಾತಲ್ಲ. ಚೆಂಡು ಕೈಗೆ ಸಿಗದ ಹುಡುಗಿ ಎಂಟನೇ ಕ್ಲಾಸಿನಲ್ಲಿ ಸುಮ್ಮನಿರುತ್ತಾಳೆ, ಒಂಬತ್ತಕ್ಕೆ ಬಂದಾಗ ಟ್ಯೂಷನ್ ಇದೆ ಎಂದು ಆಟ ಬಿಡುತ್ತಾಳೆ. ಮನೆಯಲ್ಲಿ ನಾವೂ ಒಳ್ಳೆಯದೇ ಆಯಿತು ಅನ್ನುತ್ತೇವೆ. ಆಟ ಬಿಟ್ಟದ್ದು ಓದಿಗಾಗಿ ಅಲ್ಲ, ಕೋರ್ಟಿನಲ್ಲಿ ತಾನು ಬೇಕಾಗಿಲ್ಲ ಎಂದು ಅವಳಿಗೆ ಅನ್ನಿಸಿದ್ದಕ್ಕೆ ಎಂಬುದು ನಮ್ಮ ಗಮನಕ್ಕೆ ಬರುವುದೇ ಇಲ್ಲ.

ಪಾಸು ಕಲಿಯಲು ಎತ್ತರ ಬೇಕಿಲ್ಲ. ಚೆಸ್ಟ್ ಪಾಸಿನಲ್ಲಿ ಚೆಂಡು ಎದೆಯ ಮುಂದೆ ಎರಡೂ ಕೈಯಲ್ಲಿರಬೇಕು, ಒಂದು ಹೆಜ್ಜೆ ಮುಂದಿಟ್ಟು ತಳ್ಳಬೇಕು. ಕೈಬಿಟ್ಟ ಮೇಲೆ ಹೆಬ್ಬೆರಳುಗಳು ನೆಲ ನೋಡುತ್ತಿದ್ದರೆ ಮಣಿಕಟ್ಟು ಸರಿಯಾಗಿ ತಿರುಗಿದೆ ಎಂದರ್ಥ. ಬೌನ್ಸ್ ಪಾಸು ಇಬ್ಬರ ನಡುವಿನ ದೂರದ ಮೂರನೇ ಎರಡು ಭಾಗದಲ್ಲಿ ನೆಲಕ್ಕೆ ಬಡಿದರೆ ಗೆಳತಿಯ ಸೊಂಟಕ್ಕೆ ಸರಿಯಾಗಿ ಎದ್ದು ಬರುತ್ತದೆ. ಹತ್ತಿರ ಬಡಿದರೆ ಸೋತು ಬರುತ್ತದೆ, ಕಾಲಬುಡದಲ್ಲಿ ಬಡಿದರೆ ಹಿಡಿಯಲಾಗುವುದಿಲ್ಲ. ಎತ್ತರದ ಎದುರಾಳಿಯ ತಲೆಯ ಮೇಲಿಂದ ಓವರ್‌ಹೆಡ್ ಪಾಸು. ಇದೆಲ್ಲದಕ್ಕಿಂತ ಮುಖ್ಯವಾದದ್ದು ಹಿಡಿಯುವವಳ ಕೆಲಸ: ಹತ್ತೂ ಬೆರಳು ತೋರಿಸಿ ಕೇಳಬೇಕು, ಚೆಂಡು ತನ್ನ ಬಳಿ ಬರಲೆಂದು ಕಾಯದೆ ಒಂದು ಹೆಜ್ಜೆ ಎದುರು ಹೋಗಿ ಹಿಡಿಯಬೇಕು. ಆ ಒಂದು ಹೆಜ್ಜೆ ಇಡದಿದ್ದರೆ ಚೆಂಡು ಎದುರಾಳಿಯ ಪಾಲು. ಹಾಗೆಯೇ ಹುಡುಗಿಯರಿಗೆ ಸೈಜ್ 6 ಚೆಂಡೇ ಬೇಕು. ಹುಡುಗರ ಸೈಜ್ 7 ಕೊಟ್ಟು, ಇವರಿಗೆ ಪಾಸು ಬರುವುದಿಲ್ಲ ಎಂದು ಬೈಯುವುದು ಅನ್ಯಾಯ.

ಇಷ್ಟಕ್ಕೂ ನಮ್ಮ ಹುಡುಗಿಯರಿಗೆ ಇದು ಹೊಸದಲ್ಲ. ಕರ್ನಾಟಕದ ಯಾವ ಶಾಲೆಯ ಅಂಗಳಕ್ಕೆ ಹೋದರೂ ಥ್ರೋಬಾಲ್ ಇದೆ. ಎರಡೂ ಕೈಯಲ್ಲಿ ಮೈಗೆ ತಾಗದಂತೆ ಹಿಡಿಯಬೇಕು, ಮೂರು ಸೆಕೆಂಡಿನೊಳಗೆ ಎಸೆಯಬೇಕು. ಥ್ರೋಬಾಲ್ ಆಡಿದವಳಿಗೆ ಹಿಡಿತ ಬಂದೇ ಇರುತ್ತದೆ. ಇನ್ನು ಖೊಖೊದಲ್ಲಿ ಖೋ ಕೊಟ್ಟವಳು ಎದ್ದವಳ ಖಾಲಿ ಜಾಗಕ್ಕೆ ತಕ್ಷಣ ಕೂರುತ್ತಾಳೆ. ಪಾಸು ಕೊಟ್ಟು ನಿಂತು ನೋಡಬೇಡ, ಖಾಲಿ ಜಾಗ ತುಂಬು ಎಂದು ಕೋಚುಗಳು ಗಂಟಲು ಹರಿದುಕೊಳ್ಳುವುದೂ ಇದನ್ನೇ ಅಲ್ಲವೇ? 2017ರಲ್ಲಿ ಬೆಂಗಳೂರಿನಲ್ಲಿ ನಡೆದ ಮಹಿಳಾ ಏಷ್ಯಾ ಕಪ್ಪಿನ ಬಿ ವಿಭಾಗದ ಫೈನಲಿನಲ್ಲಿ ಭಾರತ ಕಜಕಿಸ್ತಾನವನ್ನು 75-73ರಿಂದ ಸೋಲಿಸಿ ಎ ವಿಭಾಗಕ್ಕೇರಿತು. ಅಂತರ ಎರಡೇ ಪಾಯಿಂಟು. ಅಂಥ ಪಂದ್ಯದಲ್ಲಿ ಕೈತಪ್ಪಿದ ಒಂದು ಪಾಸಿನ ಬೆಲೆ ಎಷ್ಟೆಂದು ಬೇರೆ ಹೇಳಬೇಕಿಲ್ಲ.

ಹಾಲೆಂಡಿನ ಇನ್ನೊಂದು ಪದ್ಧತಿಯನ್ನೂ ಹೇಳಬೇಕು. ಅಲ್ಲಿ ಆಟದ ಸೀಸನ್ನು ನಡೆಯುವುದು ಶಾಲೆಯಲ್ಲಿ ಅಲ್ಲ, ಊರಿನ ಕ್ಲಬ್ಬಿನಲ್ಲಿ. ಕೆಲಸಕ್ಕೆಂದು ಆಮ್‌ಸ್ಟೆಲ್‌ವೀನ್, ಐಂಡ್‌ಹೋವನ್ ಕಡೆ ಹೋದ ನಮ್ಮವರು ಶಾಲೆಗೆ ಟೀಮೇ ಇಲ್ಲವಲ್ಲ ಎಂದು ಮೊದಲು ಕಂಗಾಲಾಗುತ್ತಾರೆ. ಆಮೇಲೆ ಮಗಳು ಸೈಕಲ್ ಹತ್ತಿ ಹತ್ತಿರದ ಕ್ಲಬ್ಬಿಗೆ ಹೋಗತೊಡಗುತ್ತಾಳೆ. ವರ್ಷಕ್ಕಿಷ್ಟು ಎಂದು ಚಂದಾ. ಉಳಿದ ಕೆಲಸ ಅಪ್ಪ ಅಮ್ಮಂದಿರದು. ಕ್ಯಾಂಟೀನಿನಲ್ಲಿ ಕಾಫಿ ಹಂಚುವವರು, ಬೇರೆ ಊರಿನ ಪಂದ್ಯಕ್ಕೆ ಕಾರಿನಲ್ಲಿ ಮಕ್ಕಳನ್ನು ಒಯ್ಯುವವರು ಅವರೇ. ಚಂದಾ ಎತ್ತುವುದು, ಸ್ವಯಂಸೇವೆ ಮಾಡುವುದು ನಮ್ಮ ಕನ್ನಡ ಸಂಘಗಳಿಗೆ ಕಲಿಸಬೇಕಾದ ವಿದ್ಯೆಯೇ? ನಾಟಕ, ಯಕ್ಷಗಾನಕ್ಕೆ ಮಾಡುವಷ್ಟರಲ್ಲಿ ಕಾಲುಭಾಗ ಹುಡುಗಿಯರ ಆಟಕ್ಕೆ ಮಾಡಿದರೆ ಸಾಕು.

ನಮ್ಮಲ್ಲಿ ಬಹಳ ಮಂದಿಯ ಸಂಸಾರ ಊರಿನಲ್ಲೇ ಇದೆ. ಡ್ಯೂಟಿ ಮುಗಿಸಿ ರೂಮಿಗೆ ಬಂದು ಫೋನ್ ಹಚ್ಚಿ "ಇವತ್ತು ಎಷ್ಟು ಪಾಯಿಂಟ್ ಹಾಕಿದೆ ಪುಟ್ಟಾ?" ಎಂದು ಕೇಳುತ್ತೇವೆ. "ಒಂದೂ ಇಲ್ಲ ಅಪ್ಪಾ" ಎಂದು ಆ ಕಡೆಯಿಂದ ಸಣ್ಣ ದನಿ. ಅವಳು ಕೊಟ್ಟ ಪಾಸಿನಿಂದ ಗೆಳತಿ ನಾಲ್ಕು ಬಾಸ್ಕೆಟ್ ಹಾಕಿರಬಹುದು, ಕೇಳದೆ ಅದು ಗೊತ್ತಾಗುವುದಿಲ್ಲ. ಪಂದ್ಯದ ಸ್ಕೋರ್‌ಶೀಟಿನಲ್ಲೂ ಪಾಯಿಂಟು, ಫೌಲು, ಟೈಮ್‌ಔಟ್‌ಗಳಿಗೆ ಜಾಗವಿದೆಯೇ ಹೊರತು ಪಾಸಿಗೆ ಇಲ್ಲ.

ಆದ್ದರಿಂದ ಈ ಸೀಸನ್ನಿನಲ್ಲಿ ಎರಡು ಕೆಲಸ ಮಾಡಿ ನೋಡೋಣ. ಸಂಘದ ಕ್ರೀಡಾಕೂಟದಲ್ಲಿ ಹುಡುಗಿಯರಿಗೆ ಹತ್ತು ನಿಮಿಷದ ಒಂದು ಪಂದ್ಯ, ಡ್ರಿಬಲ್ ಪೂರ್ತಿ ನಿಷೇಧ. ಐವರೂ ಚೆಂಡು ಮುಟ್ಟಿದ ಮೇಲೆಯೇ ಬುಟ್ಟಿಗೆ ಎಸೆಯಬೇಕು. ಬಯಲಿನಲ್ಲಿ ಎರಡು ಕಂಬ ನಿಲ್ಲಿಸಲು ಸಾಧ್ಯವಿದ್ದರೆ ಕಾರ್ಫ್‌ಬಾಲನ್ನೇ ಆಡಿಸಬಹುದು, ಅಣ್ಣ ತಂಗಿ ಒಂದೇ ತಂಡದಲ್ಲಿ. ಎರಡನೆಯದು, ಗ್ಯಾಲರಿಯಲ್ಲಿ ಕೂರುವ ಅಪ್ಪ ಅಮ್ಮಂದಿರಲ್ಲಿ ಒಬ್ಬರು ಒಂದು ನೋಟ್‌ಬುಕ್ ತರಲಿ. ಒಂದು ಕಡೆ ಹುಡುಗಿಯರ ಹೆಸರು, ಎದುರಿಗೆ ಬಾಸ್ಕೆಟ್ ಆಗಲು ಕೊನೆಯ ಪಾಸು ಕೊಟ್ಟವಳಿಗೆ ಒಂದು ಗೀಟು, ಚೆಂಡು ಕೈಬಿಟ್ಟರೆ ಒಂದು ಸೊನ್ನೆ. ಪಂದ್ಯ ಮುಗಿದ ಮೇಲೆ ಆ ಹಾಳೆಯ ಫೋಟೊ ತೆಗೆದು ಮಕ್ಕಳ ವಾಟ್ಸಾಪ್ ಗುಂಪಿಗೆ ಹಾಕಿ.