ಎಳೆಯ ಕೈಯ ಗಳಿಕೆ

ಈ ಪುರವಣಿಯ ಹಾಳೆ ಮೂಲಪತ್ರಿಕೆಯ ಮಡಿಕೆಯೊಳಗೆ ತಾನಾಗಿಯೇ ಹೋಗಿ ಕುಳಿತದ್ದಲ್ಲ. ವಾಚಕರು ಮುಸುಕೆಳೆದು ಮಲಗಿದ್ದ ಹೊತ್ತಿನಲ್ಲಿ, ಮುಂಜಾನೆಯ ನಾಲ್ಕು ನಾಲ್ಕೂವರೆಗೆ, ಬಾಗಿಲು ಮುಚ್ಚಿದ ಯಾವುದೋ ಅಂಗಡಿಯ ಜಗಲಿಯ ಮೇಲೆ, ಬೀದಿದೀಪದ ಬೆಳಕಿನಲ್ಲಿ ಒಂದು ಜೊತೆ ಕೈಗಳು ಅದನ್ನು ಅಲ್ಲಿ ಸೇರಿಸಿವೆ. ವ್ಯಾನು ಬಂದು ಕಟ್ಟುಗಳನ್ನು ಇಳಿಸಿ ಹೋಗುತ್ತದೆ. ಏಜೆಂಟರು ಎಣಿಸಿ ಹಂಚುತ್ತಾರೆ. ಹುಡುಗರು ಚಕ್ಕಳಮಕ್ಕಳ ಹಾಕಿ ಕುಳಿತು ಪುರವಣಿಯನ್ನೂ ಜಾಹೀರಾತಿನ ಚೀಟಿಯನ್ನೂ ಒಂದೊಂದು ಪ್ರತಿಯೊಳಗೆ ಸೇರಿಸುತ್ತಾರೆ. ಆಮೇಲೆ ಸೈಕಲ್ಲಿಗೆ ಚೀಲ ತೂಗುಹಾಕಿಕೊಂಡು ತಮ್ಮ ತಮ್ಮ ಲೈನಿಗೆ ಹೊರಡುತ್ತಾರೆ. ಯಾವ ಮನೆಗೆ ಕನ್ನಡ ಪತ್ರಿಕೆ, ಯಾವ ಮನೆಗೆ ಇಂಗ್ಲಿಷಿನದು, ಯಾರು ಊರಿಗೆ ಹೋಗಿದ್ದಾರೆ, ಯಾವ ಗೇಟಿನ ಹಿಂದೆ ನಾಯಿ ಇದೆ, ಇಷ್ಟೂ ಬಾಯಿಪಾಠವಾಗಿರಬೇಕು. ಮಡಿಸಿ ಎಸೆದ ಪತ್ರಿಕೆ ಮಹಡಿಯ ಮೇಲಿನ ಮೊಗಸಾಲೆಗೇ ಬೀಳಬೇಕು. ಗುರಿ ತಪ್ಪಿ ಕೆಳಗಿನ ಮನೆಯವರು ಹೊಸದಾಗಿ ಇಟ್ಟ ರಂಗೋಲಿಯ ನೀರಿಗೆ ಬಿದ್ದಿತೋ, ಎರಡು ಮನೆಯವರ ಬೈಗುಳವೂ ಅವನಿಗೇ.

ಈ ಕೈಗಳಲ್ಲಿ ಕೆಲವು ಹದಿನೈದು ಹದಿನಾರು ವಯಸ್ಸಿನವು. ಬೆಳಗಿನ ಮೊದಲ ಅವಧಿಯ ಪಾಠಕ್ಕೆ ಹೋದಾಗ ಕಡೆಯ ಬೆಂಚಿನಲ್ಲಿ ತೂಕಡಿಸುವ ಹುಡುಗನೊಬ್ಬ ಪ್ರತಿ ವರ್ಷವೂ ನನಗೆ ಕಾಣಸಿಗುತ್ತಾನೆ. ಬೆರಳ ತುದಿಯಲ್ಲಿ ಅಚ್ಚಿನ ಮಸಿ ಇರುತ್ತದೆ. ಪಂಪನ ಕಾವ್ಯಕ್ಕೂ ಆ ನಿದ್ರೆಗೂ ಸ್ಪರ್ಧೆ ಏರ್ಪಟ್ಟರೆ ಗೆಲ್ಲುವುದು ನಿದ್ರೆಯೇ. ಅದರಲ್ಲಿ ಪಂಪನ ತಪ್ಪೂ ಇಲ್ಲ, ಹುಡುಗನ ತಪ್ಪೂ ಇಲ್ಲ.

ಕಾಯಿದೆ ಈ ವಿಷಯದಲ್ಲಿ ಏನು ಹೇಳುತ್ತದೆಂಬುದನ್ನು ತಿಳಿದಿರುವುದು ಒಳ್ಳೆಯದು. 1986ರ ಬಾಲಕಾರ್ಮಿಕ ಕಾಯಿದೆಯನ್ನು 2016ರಲ್ಲಿ ತಿದ್ದಿದ ಮೇಲೆ, 14 ವರ್ಷ ತುಂಬದ ಮಕ್ಕಳನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. ಶಾಲೆ ಬಿಟ್ಟ ಬಳಿಕ ಅಥವಾ ರಜೆಯಲ್ಲಿ, ಅಪಾಯವಿಲ್ಲದ ಮನೆತನದ ಕಸುಬಿಗೆ ಕೈಗೂಡಿಸಬಹುದು. ಕಲಾವಿದರಾದ ಮಕ್ಕಳಿಗೂ ಕೆಲವು ಕಟ್ಟಳೆಗಳೊಡನೆ ವಿನಾಯಿತಿ ಇದೆ. 14ರಿಂದ 18ರವರೆಗಿನವರನ್ನು ಕಾಯಿದೆ ‘ಕಿಶೋರ’ರೆಂದು ಕರೆಯುತ್ತದೆ. ಗಣಿ, ಸಿಡಿಮದ್ದು ಮೊದಲಾದ ಅಪಾಯದ ಕೆಲಸಗಳು ಅವರಿಗೆ ನಿಷಿದ್ಧ. ಉಳಿದ ಕಡೆಗಳಲ್ಲಿ ಅವರು ದುಡಿಯಬಹುದು. ಆದರೆ ವಿರಾಮವೂ ಸೇರಿ ದಿನಕ್ಕೆ 6 ಗಂಟೆ ಮೀರಬಾರದು, ವಾರಕ್ಕೊಂದು ರಜೆ ಇರಬೇಕು, ಸಂಜೆ 7ರಿಂದ ಬೆಳಿಗ್ಗೆ 8ರವರೆಗೆ ದುಡಿಸಕೂಡದು. ಹಾಗಾದರೆ ನಸುಕಿನ ಲೈನಿನ ಗತಿ ಏನು? ಕಾಯಿದೆಯನ್ನು ಬರೆದವರು ಪತ್ರಿಕೆಯನ್ನು ಬೆಳಿಗ್ಗೆ ಎಂಟರ ನಂತರ ಓದುವವರಿರಬಹುದು ಎಂದು ವಿನೋದಕ್ಕೆ ಹೇಳಬಹುದಾದರೂ, ನಿದ್ರೆಯ ಮಟ್ಟಿಗೆ ನಾನು ಕಾಯಿದೆಯ ಪಕ್ಷವನ್ನೇ ಹಿಡಿಯುತ್ತೇನೆ. ನಸುಕಿನ ಲೈನು 18 ತುಂಬಿದ ಅಣ್ಣನಿಗಿರಲಿ. ತಿಂಗಳ ಮೊದಲ ವಾರ ಸಂಜೆ ಐದಕ್ಕೆ ರಸೀತಿ ಪುಸ್ತಕ ಹಿಡಿದು ಹಣ ವಸೂಲಿಗೆ ಹೋಗುವ ಕೆಲಸ ಶಾಲೆಗೆ ಹೋಗುವ ತಮ್ಮನಿಗಿರಲಿ. ಈ ಎರಡನೆಯ ಕೆಲಸವೇನೂ ಸುಲಭದ್ದಲ್ಲ. ಚಿಲ್ಲರೆ ಇಲ್ಲವೆಂಬ ಮನೆ, ನಾಳೆ ಬಾ ಎಂಬ ಮನೆ, ಕಳೆದ ತಿಂಗಳು ಎರಡು ದಿನ ಪತ್ರಿಕೆ ಬರಲಿಲ್ಲವೆಂದು ಲೆಕ್ಕ ತೆಗೆಯುವ ಮನೆ: ಇಷ್ಟನ್ನೂ ನಗುಮೊಗದಿಂದ ದಾಟಿ ಬಂದ ಹುಡುಗನಿಗೆ ವ್ಯವಹಾರಶಾಸ್ತ್ರದ ಮೊದಲ ಪಾಠವನ್ನು ಬೇರೆ ಯಾರೂ ಹೇಳಬೇಕಾಗಿಲ್ಲ.

ಪತ್ರಿಕೆಯಿಂದ ಮೊದಲ ಗಳಿಕೆ ಕಂಡವರಲ್ಲಿ ಎಲ್ಲರಿಗೂ ಗೊತ್ತಿರುವವರು ಅಬ್ದುಲ್ ಕಲಾಂ. ಎರಡನೆಯ ಮಹಾಯುದ್ಧದ ಕಾಲದಲ್ಲಿ ರಾಮೇಶ್ವರದಲ್ಲಿ ರೈಲು ನಿಲ್ಲುವುದು ತಪ್ಪಿಹೋಯಿತು. ಪತ್ರಿಕೆಯ ಕಟ್ಟುಗಳನ್ನು ರಾಮೇಶ್ವರಕ್ಕೂ ಧನುಷ್ಕೋಟಿಗೂ ನಡುವೆ ಓಡುವ ರೈಲಿನಿಂದಲೇ ಹೊರಕ್ಕೆ ಎಸೆಯಲಾಗುತ್ತಿತ್ತು. ಅಲ್ಲಿನ ಪತ್ರಿಕಾ ವಿತರಕ ಸಂಸುದ್ದೀನ್ ಕಲಾಮರ ದಾಯಾದಿ ಬಂಧು; ಬಿದ್ದ ಕಟ್ಟುಗಳನ್ನು ಹಿಡಿದುಕೊಡಲು ಆತನಿಗೊಬ್ಬ ಹುಡುಗ ಬೇಕಾಗಿದ್ದ. ಅದಕ್ಕೂ ಮುಂಚೆ, ಹುಣಸೆಬೀಜಕ್ಕೆ ಹಠಾತ್ತನೆ ಬೇಡಿಕೆ ಬಂದಾಗ, ಕಲಾಂ ಅದನ್ನು ಆಯ್ದು ಅಂಗಡಿಗೆ ಮಾರಿ ದಿನಕ್ಕೊಂದು ಆಣೆ ಕಂಡಿದ್ದರಂತೆ. ಸ್ವಂತ ದುಡಿಮೆಯ ಹಣ ಮೊದಲ ಸಲ ಕೈಗೆ ಬಂದಾಗಿನ ಹೆಮ್ಮೆ ಅರ್ಧ ಶತಮಾನದ ಮೇಲೂ ಮಾಸಿರಲಿಲ್ಲವೆಂಬುದು ಅವರ ಆತ್ಮಕಥೆಯಿಂದ ತಿಳಿಯುತ್ತದೆ.

ಈ ಕಥೆಯನ್ನು ಸಾಮಾನ್ಯವಾಗಿ ಶ್ರಮದ ಮಹಿಮೆಗೆ ಉದಾಹರಣೆಯಾಗಿ ಹೇಳುತ್ತಾರೆ. ನನಗೆ ಅದರಲ್ಲಿ ಕಾಣುವುದು ಬೇರೊಂದು ಸಂಗತಿ. ಹುಡುಗನಿಗೆ ಕೆಲಸ ಕೊಟ್ಟವನು ಅಪರಿಚಿತನಲ್ಲ, ಬಂಧು. ಹುಣಸೆಬೀಜ ಕೊಂಡದ್ದು ಅದೇ ಊರಿನ ಅಂಗಡಿ. ಅವನಿಗೆ ಅನುಭವವಿದೆಯೇ ಎಂದು ಯಾರೂ ಕೇಳಲಿಲ್ಲ. ಅವನು ಯಾರ ಮಗನೆಂಬುದು ಗೊತ್ತಿತ್ತು, ಕೊಟ್ಟ ಮಾತಿಗೆ ತಪ್ಪುವವನಲ್ಲವೆಂಬುದು ಗೊತ್ತಿತ್ತು. ಅನುಭವವಿಲ್ಲದವನಿಗೆ ಕೆಲಸವಿಲ್ಲ, ಕೆಲಸವಿಲ್ಲದವನಿಗೆ ಅನುಭವವಿಲ್ಲ ಎಂಬ ಗಾಣದೆತ್ತಿನ ಸುತ್ತು ಇದೆಯಲ್ಲ, ಅದು ಅಪರಿಚಿತರ ಬಾಗಿಲಲ್ಲಿ ಮಾತ್ರ. ತನ್ನ ಬೀದಿಯಲ್ಲಿ ಹದಿನೈದರ ಹುಡುಗನಿಗೆ ಹದಿನೈದು ವರ್ಷದ ಪರಿಚಯವೆಂಬ ಮೂಲಧನವಿರುತ್ತದೆ.

ಈ ಮೂಲಧನವನ್ನು ಊರಿನಲ್ಲೇ ಬಿಟ್ಟು ದೂರ ಹೋದವನಿಗೆ ಏನು ಸಿಗುತ್ತದೆ? ಎಸ್. ಎಲ್. ಭೈರಪ್ಪನವರು ಓದುವ ವಯಸ್ಸಿನಲ್ಲಿ ಅಲೆಮಾರಿಯಾಗಿ ಮುಂಬಯಿ ಸೇರಿ ರೈಲ್ವೆ ನಿಲ್ದಾಣದಲ್ಲಿ ಕೂಲಿಯಾಗಿ ಹೊರೆ ಹೊತ್ತವರು. ಹೊರೆಗೆ ಪರಿಚಯ ಬೇಡ. ಹೊರುವ ತಲೆ ಯಾರದೆಂದು ಅದು ಕೇಳುವುದಿಲ್ಲ. ಊರು ಬಿಟ್ಟ ಎಳೆಯರಿಗೆ ಪಟ್ಟಣಗಳು ಸಾಮಾನ್ಯವಾಗಿ ತೆರೆದಿಡುವ ಬಾಗಿಲು ಅದೊಂದೇ, ಇಲ್ಲವೇ ಹೋಟೆಲಿನ ಹಿತ್ತಿಲಲ್ಲಿ ಲೋಟ ತೊಳೆಯುವ ತೊಟ್ಟಿ. ಭೈರಪ್ಪನವರು ಮತ್ತೆ ಶಾಲೆಯ ಮೆಟ್ಟಿಲು ಹತ್ತಿದರು. ಎಲ್ಲರಿಗೂ ಆ ಗಟ್ಟಿತನ ಇರುತ್ತದೆಂದು ನಂಬಿ ಕೂರಲಾಗದು.

ಆದುದರಿಂದ ಹುಡುಗ ಹುಡುಗಿಯರು ಮೊದಲು ನೋಡಬೇಕಾದದ್ದು ತಮ್ಮ ಬೀದಿಯನ್ನೇ. ಅಲ್ಲಿ ಎಲ್ಲಕ್ಕಿಂತ ಹಳೆಯದೂ ಗೌರವದ್ದೂ ಆದ ಕೆಲಸವೆಂದರೆ ಮನೆಪಾಠ. ವಿಶ್ವೇಶ್ವರಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದಾಗ ಮಕ್ಕಳಿಗೆ ಪಾಠ ಹೇಳಿಕೊಟ್ಟು ಖರ್ಚು ತೂಗಿಸಿಕೊಂಡರು, 1881ರಲ್ಲಿ ಬಿ.ಎ. ಮುಗಿಸಿದರು. ಪಾಠ ಹೇಳಲು ಪಂಡಿತನಾಗಬೇಕೆಂಬ ಭ್ರಮೆ ಬೇಡ. ಹತ್ತನೆಯ ತರಗತಿಯ ಹುಡುಗಿ ಮೂರನೆಯ ತರಗತಿಯ ಮಗುವಿಗೆ ಮಗ್ಗಿ, ಕಾಗುಣಿತ, ಒತ್ತಕ್ಷರಗಳನ್ನು ನಮ್ಮಂಥವರಿಗಿಂತ ಚೆನ್ನಾಗಿ ಕಲಿಸಬಲ್ಲಳು. ತನಗೆ ಎಲ್ಲಿ ತೊಡಕಾಗಿತ್ತೆಂಬುದು ಅವಳಿಗೆ ಇನ್ನೂ ನೆನಪಿರುತ್ತದೆ, ನಮಗೆ ಮರೆತುಹೋಗಿರುತ್ತದೆ. ಸಂಜೆ ಒಂದು ಗಂಟೆ, ನಾಲ್ಕೈದು ಮಕ್ಕಳು, ತನ್ನ ಮನೆಯ ಜಗಲಿಯೇ ಶಾಲೆ. ಬಂಡವಾಳವೆಂದರೆ ಒಂದು ಸೀಮೆಸುಣ್ಣದ ಪೆಟ್ಟಿಗೆ.

ಇದಕ್ಕೆ ಸೋದರವಾದ ಇನ್ನೊಂದು ಕೆಲಸವಿದೆ. ಅದರ ಕಡೆ ಯಾರ ಗಮನವೂ ಹೋಗಿಲ್ಲವೆಂಬುದು ನನಗೆ ಸೋಜಿಗ. ಕಣ್ಣು ಮಂಜಾದ ಹಿರಿಯರು ಈಗ ಬೀದಿಗಿಬ್ಬರು ಮೂವರು ಇದ್ದಾರೆ. ಮಕ್ಕಳು ದೂರದೇಶದಲ್ಲಿ, ಮನೆಯ ತುಂಬ ಪುಸ್ತಕ, ಓದುವ ಕಣ್ಣಿಲ್ಲ. ದಿನಕ್ಕೆ ಒಂದು ಗಂಟೆ ಪತ್ರಿಕೆಯನ್ನೋ ಕಾದಂಬರಿಯನ್ನೋ ಸ್ಫುಟವಾಗಿ ಓದಿಹೇಳುವ ಹುಡುಗನೊಬ್ಬ ಸಿಕ್ಕರೆ ಅವರು ಸಂತೋಷದಿಂದ ಹಣ ಕೊಟ್ಟಾರು. ಓದುವವನಿಗೂ ಲಾಭವೇ: ಶಕಾರ ಷಕಾರಗಳ ವ್ಯತ್ಯಾಸ ನಾಲಿಗೆಗೆ ಕೂರುತ್ತದೆ. ವಿದ್ಯುತ್ತಿನ ಬಿಲ್ಲು ಕಟ್ಟುವುದು, ಔಷಧಿ ತರುವುದು, ಮೊಬೈಲಿನ ಗೊಂದಲ ಬಿಡಿಸುವುದು ಇದಕ್ಕೆ ಜೊತೆಗೂಡಬಹುದು. ಒಂದೇ ಎಚ್ಚರಿಕೆ. ಬ್ಯಾಂಕಿನ ಗುಟ್ಟಿನ ಅಂಕಿಯನ್ನು ಹಿರಿಯರು ಹೇಳಹೋದರೂ ಹುಡುಗ ಕೇಳಿಸಿಕೊಳ್ಳಬಾರದು. ನಾಳೆ ಹತ್ತು ರೂಪಾಯಿ ಲೆಕ್ಕ ತಪ್ಪಿದರೆ ಹದಿನೈದು ವರ್ಷದ ಮೂಲಧನ ಒಂದು ಸಂಜೆಯಲ್ಲಿ ಕರಗೀತು.

ಹಳ್ಳಿಯ ಮಕ್ಕಳಿಗೆ ಬೀದಿಗಿಂತ ದೊಡ್ಡ ಸಂತೆ ಬೇಸಗೆಯ ಗಿಡಮರಗಳು. ಕರಾವಳಿಯಲ್ಲಿ ಪರೀಕ್ಷೆ ಮುಗಿಯುವ ಹೊತ್ತಿಗೆ ಸರಿಯಾಗಿ ಗೇರುಬೀಜ ಬೀಳುತ್ತದೆ. ಹಣ್ಣನ್ನು ಚೀಪಿ ಬೀಜವನ್ನು ಅಂಗಡಿಗೆ ಹಾಕಿ ಮುಂದಿನ ವರ್ಷದ ನೋಟುಪುಸ್ತಕ ಕೊಂಡವರು ಆ ಸೀಮೆಯ ನಮ್ಮ ಅಧ್ಯಾಪಕವರ್ಗದಲ್ಲೇ ಬೇಕಾದಷ್ಟು ಮಂದಿ ಇದ್ದಾರೆ. ದಕ್ಷಿಣ ಕನ್ನಡದವರು ಪುನರ್ಪುಳಿ ಎನ್ನುವ, ಉತ್ತರ ಕನ್ನಡದವರು ಮುರುಗಲು ಎನ್ನುವ ಹಣ್ಣಿನ ಸಿಪ್ಪೆ. ಮಲೆನಾಡಿನಲ್ಲಿ ಮಳೆ ಹಿಡಿದ ಮೇಲೆ ಉಪ್ಪಾಗೆ. ಬಯಲುಸೀಮೆಯಲ್ಲಿ ಹೊಂಗೆ, ಬೇವಿನ ಬೀಜ, ಹುಣಸೆ. ತೋಟದ ಒಡೆಯರ ಅನುಮತಿ ಬೇಕು, ಕಾಡಿನ ಅಂಚಿನಲ್ಲಿ ಅರಣ್ಯದ ನಿಯಮ ತಿಳಿದಿರಬೇಕು. ಆಯ್ದು ಬದುಕುವುದು ನಮ್ಮಲ್ಲಿ ಹೀನವೆನಿಸಿದ ಕೆಲಸವಲ್ಲ. ಬಿದ್ದ ಅಕ್ಕಿ ಆಯುವುದನ್ನೇ ಕಾಯಕ ಮಾಡಿಕೊಂಡ ಮಾರಯ್ಯ ಹನ್ನೆರಡನೆಯ ಶತಮಾನದ ಶರಣ. ಒಂದು ದಿನ ಆತ ವಾಡಿಕೆಗಿಂತ ಹೆಚ್ಚು ತಂದಾಗ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದವಳು ಹೆಂಡತಿ ಲಕ್ಕಮ್ಮ. ಆ ಸಂಯಮ ನಮ್ಮ ಹುಡುಗರಿಗೆ ಇರಲೇಬೇಕೆಂದು ನಾನು ಹಠ ಹಿಡಿಯುವುದಿಲ್ಲ; ನೋಟುಪುಸ್ತಕದ ಬೆಲೆ ಏರಿದೆ.

ಅಡಿಕೆಯ ಸೀಮೆಯಲ್ಲಿ ಕೊಯ್ಲು ಬಂತೆಂದರೆ ಸುಲಿಯುವ ಕೈಗಳಿಗೆ ಬರ. ಮೆಟ್ಟುಗತ್ತಿಯ ಮೇಲೆ ಕುಳಿತು ಹಸಿ ಅಡಿಕೆಯನ್ನು ಒಂದೇ ಒತ್ತಿಗೆ ಸೀಳಿ ಸಿಪ್ಪೆ ಬಿಡಿಸುವ ವೇಗ ವರ್ಷಗಳ ಅಭ್ಯಾಸದಿಂದ ಬರುವುದು. ಕೂಲಿ ದಿನದ ಲೆಕ್ಕದ್ದಲ್ಲ, ಸುಲಿದ ಅಳತೆಯದು; ಎಳೆಯರಿಗೂ ಮುದುಕರಿಗೂ ಒಂದೇ ದರ. ಈ ಸಮಾನತೆ ನನಗೆ ಮೆಚ್ಚು. ಪಟ್ಟಣದಲ್ಲಿ ಹೂ ಕಟ್ಟುವವರ ಲೆಕ್ಕವೂ ಇಂಥದೇ, ಮೊಳಕ್ಕಿಷ್ಟು, ಮಾರಿಗಿಷ್ಟು. ಈಚೆಗೆ ಅಡಿಕೆ ಸುಲಿಯುವ ಯಂತ್ರಗಳು ಬಂದಿವೆ. ಹಬ್ಬದ ಮುಂಚಿನ ಎರಡು ದಿನ ಗರಿಕೆ, ಮಾವಿನೆಲೆ, ಬಾಳೆಕಂದು ಮಾರುವ ಹುಡುಗನ ವ್ಯಾಪಾರಕ್ಕೆ ಮಾತ್ರ ಯಾವ ಯಂತ್ರವೂ ಇನ್ನೂ ಅಡ್ಡ ಬಂದಿಲ್ಲ.

ಎಳೆಯರು ಸಮೀಪಿಸಲೇಬಾರದ ಕೆಲಸಗಳೂ ಇವೆ. ಕರಾವಳಿಯಲ್ಲಿ ಎಷ್ಟೋ ಹುಡುಗಿಯರ ಶಾಲೆಯ ಶುಲ್ಕವನ್ನು ಕಟ್ಟಿದ್ದು ಬೀಡಿಯ ಸೂಪು. ಅವರ ಶ್ರಮಕ್ಕೆ ನಾನು ತಲೆಬಾಗುತ್ತೇನೆ. ಆದರೂ ಹೊಗೆಸೊಪ್ಪಿನ ಧೂಳು ಎಳೆಯ ಶ್ವಾಸಕೋಶಕ್ಕೆ ವಿಷ, 1986ರ ನಿಷೇಧದ ಪಟ್ಟಿಯಲ್ಲೇ ಬೀಡಿ ಕಟ್ಟುವ ಕೆಲಸ ಸೇರಿತ್ತು. ಇಂದಿನ ಹೊಸ ವಿಷ ಕಣ್ಣಿಗೆ ಕಾಣುವಂಥದಲ್ಲ. ಮನೆಯಲ್ಲೇ ಕುಳಿತು ಬೆರಳಾಡಿಸಿ ಸಾವಿರಾರು ರೂಪಾಯಿ ಗಳಿಸಿರೆಂಬ ಸಂದೇಶ ಹುಡುಗನ ಮೊಬೈಲಿಗೆ ಬರುತ್ತದೆ. ಹಿಂದೆಯೇ, ಮೊದಲು ನೋಂದಣಿಗೆ ಇಷ್ಟು ಕಟ್ಟಿರೆಂಬ ಇನ್ನೊಂದು. ಸಂಬಳ ಕೊಡಬೇಕಾದವನೇ ಹಣ ಕೇಳಿದರೆ ಅಲ್ಲಿಗೆ ಮಾತು ಮುಗಿಯಿತು. ಇದಕ್ಕಿಂತ ಘೋರವಾದದ್ದು, ನಿನ್ನ ಬ್ಯಾಂಕಿನ ಖಾತೆಯನ್ನು ಕೆಲವು ದಿನ ನಮಗೆ ಬಿಟ್ಟುಕೊಡು, ದಳ್ಳಾಳಿ ಕೊಡುತ್ತೇವೆ ಎನ್ನುವವರ ಜಾಲ. ಯಾರನ್ನೋ ವಂಚಿಸಿದ ಹಣ ಆ ಖಾತೆಯ ಮೂಲಕ ಹಾದುಹೋಗುತ್ತದೆ. ಪೊಲೀಸರು ಬರುವುದು ಖಾತೆಯಲ್ಲಿ ಹೆಸರಿದ್ದವನ ಮನೆಗೆ.

ಖಾತೆಯ ಮಾತು ಬಂದದ್ದರಿಂದ ಹೇಳುತ್ತೇನೆ: 10 ವರ್ಷ ಮೀರಿದ ಮಕ್ಕಳು ತಾವೇ ಉಳಿತಾಯ ಖಾತೆ ತೆರೆದು ನಡೆಸಲು ಬ್ಯಾಂಕುಗಳು ಅವಕಾಶ ಕೊಡಬಹುದೆಂದು ರಿಸರ್ವ್ ಬ್ಯಾಂಕು 2014ರಲ್ಲೇ ತಿಳಿಸಿದೆ. ಗಳಿಕೆ ಅಲ್ಲಿಗೆ ಹೋಗಲಿ, ತನ್ನ ಹೆಸರಿನ ಪುಸ್ತಕದಲ್ಲಿ ಅಂಕಿಯಾಗಿ ಕಾಣಲಿ. ಕೆಲಸ ಕೊಡುವ ದೊಡ್ಡವರಿಗೂ ಒಂದು ಮಾತು. 1872ರ ಕರಾರು ಕಾಯಿದೆಯ ಪ್ರಕಾರ 18 ತುಂಬದವರು ಕರಾರು ಮಾಡಿಕೊಳ್ಳಲು ಅರ್ಹರಲ್ಲ. ಅಂದರೆ, ಒಪ್ಪಿದ ಕೂಲಿಯನ್ನು ನೀವು ಕೊಡದಿದ್ದರೆ ಆ ಹುಡುಗ ಹಿಡಿದು ತೋರಿಸಬಹುದಾದ ಪತ್ರ ಅವನ ಬಳಿ ಇಲ್ಲ. ಅವನಲ್ಲಿರುವುದು ನಿಮ್ಮ ಮಾತು ಒಂದೇ. ‘ಕೆಲಸ ಕಲಿಯುತ್ತಿದ್ದಾನಲ್ಲ, ಅದೇ ಸಂಬಳ’ ಎಂಬ ಉದಾರವಾಣಿಯನ್ನು ನಾನು ಅನೇಕ ಸಭ್ಯರ ಬಾಯಿಂದ ಕೇಳಿದ್ದೇನೆ; ಅವರ ಮನೆಗೆ ಬರುವ ಬಡಗಿಗೆ ಆ ಮಾತು ಹೇಳುವ ಧೈರ್ಯ ಅವರಿಗಿಲ್ಲ.

ಇಷ್ಟೆಲ್ಲ ಹೇಳಿಯೂ ಒಂದು ಭಯ ಉಳಿಯುತ್ತದೆ. ಗಳಿಸಲಾಗದಿದ್ದರೆ ಎಂಬ ಭಯವಲ್ಲ, ಚೆನ್ನಾಗಿ ಗಳಿಸಿಬಿಟ್ಟರೆ ಎಂಬುದು. ಕೈಖರ್ಚಿಗೆಂದು ಮೊದಲಾದ ಹಣ ಬಡಮನೆಯಲ್ಲಿ ಎರಡು ತಿಂಗಳಿಗೆ ಅಕ್ಕಿಯ ಲೆಕ್ಕಕ್ಕೆ ಸೇರುತ್ತದೆ, ಮೂರನೆಯ ತಿಂಗಳಿಗೆ ಸಾಲದ ಕಂತಿಗೆ. ಆಮೇಲೆ ಅದನ್ನು ಬಿಡಿಸಿಕೊಳ್ಳುವುದು ತಾಯಿಗೂ ಸಾಧ್ಯವಾಗದು, ಮಗನಿಗೂ ಮನಸ್ಸು ಬಾರದು. ಗೇರುಬೀಜ ಮಳೆ ಬಂದೊಡನೆ ಮುಗಿಯುತ್ತದೆ, ಅಡಿಕೆಯೂ ಒಂದು ಕಾಲಕ್ಕೆ ಮುಗಿಯುತ್ತದೆ. ಹುಡುಗ ತಾನಾಗಿ ಪುಸ್ತಕಕ್ಕೆ ಮರಳುತ್ತಾನೆ. ಗ್ಯಾರೇಜು, ಬಟ್ಟೆಯಂಗಡಿಗಳಿಗೆ ಅಂಥ ಋತು ಇಲ್ಲ. ಬೇಸಗೆಯ ರಜೆಯಲ್ಲಿ ಎರಡು ತಿಂಗಳಿಗೆಂದು ಅಲ್ಲಿ ಸೇರಿದವರಲ್ಲಿ ಕೆಲವರು ಜೂನ್ ಬಂದರೂ ಅಲ್ಲೇ ಇರುತ್ತಾರೆ. ತರಗತಿ ಆರಂಭವಾದ ಮೊದಲ ವಾರ ಹಾಜರಿ ಕರೆಯುವಾಗ ಅಂಥ ಹೆಸರುಗಳಿಗೆ ಉತ್ತರ ಬರುವುದಿಲ್ಲ. ಯಾರಾದರೂ ಗೆಳೆಯ ಎದ್ದು ನಿಂತು, ‘ಅವನು ಕೆಲಸಕ್ಕೆ ಹೋಗ್ತಿದಾನೆ ಸಾರ್’ ಎನ್ನುತ್ತಾನೆ. ನಾನು ಆ ಹೆಸರನ್ನು ಒಡನೆಯೇ ಹೊಡೆದುಹಾಕುವುದಿಲ್ಲ. ಜುಲೈ ಕೊನೆಯವರೆಗೂ ದಿನವೂ ಕರೆಯುತ್ತೇನೆ.