ಬಾನೆಟ್ ವಾರೆಯಾದರೆ ಮೊದಲು ಹಿಂಜ್ ನೋಡಿ

ಹಳೆಯ ಅಂಬಾಸಿಡರ್, ಮಾರುತಿ 800ರಂಥ ಕಾರುಗಳಲ್ಲಿ ಬಾನೆಟ್ಟಿಗೂ ಫೆಂಡರಿಗೂ ನಡುವಿನ ಸಂದು ಒಂದು ಕಡೆ ಬೆರಳು ತೂರುವಷ್ಟು ಅಗಲವಾಗಿ, ಇನ್ನೊಂದು ಕಡೆ ಬಣ್ಣ ಕೀಳುವಷ್ಟು ಕಿರಿದಾಗಿರುವುದುಂಟು. ಬೋಲ್ಟ್ ಸಡಿಲಿಸಿ, ಬಾನೆಟ್ ಸರಿಸಿ ಮತ್ತೆ ಬಿಗಿದರೆ ಸಂದು ಸಮವಾಗುತ್ತದೆ. ಆದರೆ ಹಿಂಜಿನ ಪಿನ್ ಸವೆದಿದ್ದರೆ ಆ ಸಮತೆ ಹೆಚ್ಚು ದಿನ ಬಾಳುವುದಿಲ್ಲ. ಬೋಲ್ಟು ಬಾನೆಟ್ಟನ್ನು ಹಿಂಜಿಗೆ ಕಟ್ಟುತ್ತದೆಯೇ ಹೊರತು ಹಿಂಜಿನೊಳಗಿನ ಸಡಿಲವನ್ನು ಬಿಗಿಯಲಾರದು. ಆದ್ದರಿಂದ ಸವೆತ ಪರೀಕ್ಷಿಸದೆ ಅಲೈನ್‌ಮೆಂಟಿಗೆ ಕೈಹಾಕಬಾರದು.

ಎರಡು ಲೋಹಗಳು ಉಜ್ಜಿಕೊಂಡಾಗ ಆಗುವ ಸವೆತ, ಅವುಗಳ ಮೇಲಿನ ಒತ್ತಡ ಮತ್ತು ಉಜ್ಜಿದ ಒಟ್ಟು ದೂರಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಲೋಹ ಗಟ್ಟಿಯಾದಷ್ಟೂ ಕಡಿಮೆಯಾಗುತ್ತದೆ. 1953ರಲ್ಲಿ ಜೆ.ಎಫ್. ಆರ್ಚರ್ಡ್ ಮಂಡಿಸಿದ ಸೂತ್ರದ ಸಾರ ಇದು. ದಿನಕ್ಕೊಮ್ಮೆ ತೆರೆದು ಮುಚ್ಚುವುದಷ್ಟೇ ಅಲ್ಲ, ಕಾರು ಓಡುವಾಗಿನ ಕಂಪನವೂ ಪಿನ್ನನ್ನು ಕೂದಲೆಳೆಯಷ್ಟು ಅತ್ತಿತ್ತ ಅಲುಗಿಸುತ್ತಿರುತ್ತದೆ. ಗ್ರೀಸ್ ಒಣಗಿದ ಜಾಗಕ್ಕೆ ರಸ್ತೆಯ ದೂಳು ಸೇರಿದರೆ, ಅದರಲ್ಲಿನ ಮರಳಿನ ಕಣ ಸಾಮಾನ್ಯ ಉಕ್ಕಿಗಿಂತ ಗಟ್ಟಿಯಾದ್ದರಿಂದ ಅರದಂತೆ ಕೆಲಸ ಮಾಡುತ್ತದೆ. ದುಂಡಗಿದ್ದ ರಂಧ್ರ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಎರಡು ಹಿಂಜ್‌ಗಳ ನಡುವೆ ಒಂದು ಮೀಟರ್ ಅಂತರ, ಬಾನೆಟ್ಟಿನ ಉದ್ದವೂ ಒಂದು ಮೀಟರ್ ಎಂದುಕೊಳ್ಳಿ. ಒಂದು ಹಿಂಜ್ 2 ಮಿ.ಮೀ. ಹಿಂದೆ ಸರಿದರೂ ಬಾನೆಟ್ಟಿನ ಮೂತಿ ಸುಮಾರು 2 ಮಿ.ಮೀ. ಪಕ್ಕಕ್ಕೆ ಹೊರಳುತ್ತದೆ. ಒಂದು ಸಂದು ಅಷ್ಟು ಹಿಗ್ಗಿ, ಇನ್ನೊಂದು ಅಷ್ಟೇ ಕುಗ್ಗುವುದರಿಂದ ಕಣ್ಣಿಗೆ 4 ಮಿ.ಮೀ. ವ್ಯತ್ಯಾಸ ಬೀಳುತ್ತದೆ.

ಮುಂದಿನ ಲಾಕ್ ಹೇಗೂ ಹಿಡಿದಿರುವಾಗ ಇದು ಬರೀ ಅಂದಚೆಂದದ ಮಾತಲ್ಲವೇ ಎಂದು ಕೇಳಬಹುದು. ಅಲ್ಲ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಎದುರುಗಾಳಿಯ ಒತ್ತಡ ಚದರ ಮೀಟರಿಗೆ ಸುಮಾರು 300 ನ್ಯೂಟನ್, ಅಂದರೆ 30 ಕಿಲೋ ತೂಕದಷ್ಟು; ವೇಗ ಇಮ್ಮಡಿಯಾದರೆ ಅದು ನಾಲ್ಕು ಪಟ್ಟು. ಅದರ ಒಂದು ಪಾಲು ಬಾನೆಟ್ಟನ್ನು ಮೇಲೆತ್ತುವ ಸೆಳೆತವಾದರೂ ಸಾಕು, ಸಡಿಲ ಹಿಂಜ್ ಇನ್ನಷ್ಟು ಕುಲುಕಾಡಿ ಲಾಕಿನ ಕೊಕ್ಕೆ ಓರೆಯಾಗಿ ಸವೆಯುತ್ತದೆ. ವಾಷರ್ ಕೊಟ್ಟರೆ ಸಾಲದೇ ಎಂಬುದು ಇನ್ನೊಂದು ವಾದ. ಗಟ್ಟಿಯಾಗಿರುವ ಹಿಂಜಿನಡಿ ಎತ್ತರ ಹೊಂದಿಸಲು ವಾಷರ್ ಸರಿಯಾದ ಉಪಾಯವೇ. ಆದರೆ ಪಿನ್ ಅಲುಗಾಡುವಲ್ಲಿ ಅದು ರೋಗ ಮುಚ್ಚಿಡುತ್ತದೆ, ಅಷ್ಟೆ. ಹಳೆಯ ಅಪಘಾತದಿಂದ ಬಾಡಿಯೇ ಬಾಗಿರಬಹುದು ಎನ್ನುವುದೂ ನಿಜ. ಆದರೆ ಹಿಂಜ್ ಪರೀಕ್ಷೆಗೆ ಕಾಸು ಖರ್ಚಿಲ್ಲ. ಬಾನೆಟ್ಟನ್ನು ಅರ್ಧ ತೆರೆದು, ಹಿಂದಿನ ಮೂಲೆಯನ್ನು ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಅಲುಗಿಸಿ. ಬೋಲ್ಟು ಕದಲದೆ ಪಿನ್ ಮಾತ್ರ ಕುಣಿದರೆ ದೋಷ ಅಲ್ಲೇ. ಪಿನ್ ಗಟ್ಟಿಯಾಗಿದ್ದೂ ಸಂದು ತಪ್ಪಿದ್ದರೆ ಆಗ ಬಾಡಿಯ ಮೂಲೆಯಿಂದ ಮೂಲೆಗೆ ಅಳತೆ ತೆಗೆಯಬೇಕು.

ದುರಸ್ತಿಯ ಕ್ರಮವೂ ಇದೇ ತರ್ಕದಿಂದ ಹುಟ್ಟುತ್ತದೆ. ಹೊಸ ಹಿಂಜ್ ಸಿಕ್ಕರೆ ಹಾಕಿ. ಸಿಗದಿದ್ದರೆ ಲೇತ್‌ನವರಲ್ಲಿ ರಂಧ್ರವನ್ನು ದುಂಡಗೆ ಕೊರೆಸಿ, ಹಿತ್ತಾಳೆ ಬುಷ್ ಕೂರಿಸಿ, ತಕ್ಕ ಪಿನ್ ಮಾಡಿಸಿ. ಬಿಚ್ಚುವ ಮುನ್ನ ಹಿಂಜಿನ ಸುತ್ತ ಗುರುತು ಗೀಚಿ, ಇನ್ನೊಬ್ಬರಿಂದ ಬಾನೆಟ್ ಹಿಡಿಸಿ. ಆಮೇಲೆ ಹಿಂಬದಿಯ ಎತ್ತರ, ಅಕ್ಕಪಕ್ಕದ ಸಂದು, ಮುಂದಿನ ರಬ್ಬರ್ ಗುಂಡಿಗಳ ಎತ್ತರ, ಹೀಗೆ ಒಂದೊಂದಾಗಿ ಹೊಂದಿಸಿ; ಲಾಕ್ ಕಟ್ಟಕಡೆಗೆ. ಲಾಕ್ ಬಾನೆಟ್ಟನ್ನು ಹಿಡಿಯಬೇಕೇ ಹೊರತು ಜಾಗಕ್ಕೆ ಎಳೆಯಬಾರದು. ಮೊದಲ ಸಲ ಮೆಲ್ಲಗೆ ಮುಚ್ಚಿ, ಮುಖ್ಯ ಲಾಕೂ ಸುರಕ್ಷಾ ಕೊಕ್ಕೆಯೂ ಕಚ್ಚಿವೆಯೇ ನೋಡಿದ ಮೇಲೆಯೇ ಕಾರು ರಸ್ತೆಗಿಳಿಯಲಿ.